ಪಲ್ಲವಿ ಎಲ್ಲರಿಗೂ ಬರುತ್ತೆ, ಚರಣ?

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಲು ಶುರು ಮಾಡಿ ಈಗ 24 ವರ್ಷ. ಬೆಂಗಳೂರಿನ ಗಣೇಶನ ಪೆಂಡಾಲು, ಅಣ್ಣಮ್ಮ ದೇವಿ ಉತ್ಸವ, ಮದುವೆ ರಿಸೆಪ್ಷನ್, ನವೆಂಬರ್ ಬಂದರೆ ತಿಂಗಳು ಪೂರ್ತಿ ರಾಜ್ಯೋತ್ಸವ. ಕಳೆದ ಸಲ ಹನುಮಂತನಗರದ ಕಡೆಯ ಒಂದು ಕನ್ನಡ ಸಂಘದವರು ಬಂದು ಕೂತರು. "ಸಾರ್, ಈ ವರ್ಷ ಸಾರ್ವಕಾಲಿಕ ಹಾಡುಗಳ ಸಂಜೆ ಮಾಡೋಣ. ಬರೀ 20 ಹಾಡು. ಆರಿಸೋದು ನಿಮ್ಮ ಜವಾಬ್ದಾರಿ" ಅಂದರು. ಅವರು ಹೋದ ಮೇಲೆ ನಾನು ಬೀರು ತೆಗೆದು ನನ್ನ ನೋಟ್‌ಬುಕ್‌ಗಳನ್ನು ಹೊರಗೆ ಹಾಕಿದೆ. ಒಟ್ಟು ಏಳು ಪುಸ್ತಕ.

ಈ ನೋಟ್‌ಬುಕ್ ಬರೆಯುವ ಅಭ್ಯಾಸ ಶುರುವಾಗಿದ್ದು ಚಾಮರಾಜಪೇಟೆಯ ಒಂದು ಗಲ್ಲಿಯಲ್ಲಿ, ಗಣೇಶನ ಹಬ್ಬದಲ್ಲಿ. ಅವತ್ತು 'ಆಡಿಸಿ ನೋಡು ಬೀಳಿಸಿ ನೋಡು' ಹಾಡುತ್ತಿದ್ದೆವು. ಮೊದಲ ಚರಣ ಶುರುವಾಗಿ ಎರಡು ಸಾಲು ಆಗಿತ್ತು, ಬಾಡಿಗೆ ಜನರೇಟರ್ ನಿಂತುಹೋಯಿತು. ಡೀಸೆಲ್ ಖಾಲಿ. ಲೈಟಿಲ್ಲ, ಮೈಕಿಲ್ಲ, ನನ್ನ ಕೀಬೋರ್ಡ್ ಸತ್ತ ಹಲಗೆ. ನಾವೆಲ್ಲ ನಿಲ್ಲಿಸಿದೆವು. ಜನ ನಿಲ್ಲಿಸಲಿಲ್ಲ. ಕತ್ತಲಲ್ಲೇ ಕಬ್ಬಿನ ಸಾಲು, ಗಂಧದ ಸಾಲು ಎಲ್ಲ ಒಂದಕ್ಷರ ತಪ್ಪದೆ ಹಾಡಿದರು. ಪಕ್ಕದ ಮನೆಯ ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜಿಯ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ನಮ್ಮ ಢೋಲಕ್‌ನವನಿಗೆ ಕರೆಂಟು ಬೇಕಿಲ್ಲವಲ್ಲ, ಅವನು ಮೆಲ್ಲಗೆ ಕೈ ಹಾಕಿದ. ಹಾಡು ಮುಗಿಯುವವರೆಗೂ ಯಾರೂ ಎದ್ದು ಹೋಗಲಿಲ್ಲ. ಆ ಹಾಡಿನ ಸಿನಿಮಾ 'ಕಸ್ತೂರಿ ನಿವಾಸ' ಬಂದಿದ್ದು 1971ರಲ್ಲಿ. ಆ ಗಲ್ಲಿಯಲ್ಲಿ ನಿಂತು ಹಾಡಿದ ಹುಡುಗರಲ್ಲಿ ಮುಕ್ಕಾಲು ಜನ ಆಗ ಹುಟ್ಟೇ ಇರಲಿಲ್ಲ.

ಆ ರಾತ್ರಿಯಿಂದ ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಬರೆದುಕೊಳ್ಳುತ್ತೇನೆ. ಹಾಡಿನ ಹೆಸರು, ಅದರ ಮುಂದೆ ಒಂದು ಗುರುತು. ಜನ ಪಲ್ಲವಿಗೆ ಮಾತ್ರ ದನಿ ಸೇರಿಸಿದರೆ 'ಪ'. ಮೊದಲ ಚರಣವನ್ನೂ ಹಾಡಿದರೆ 'ಚ'. ಎರಡನೇ ಚರಣಕ್ಕೂ ಬಾಯಿ ಆಡುತ್ತಿದ್ದರೆ 'ಚ2'. ಚಪ್ಪಾಳೆ, ಶಿಳ್ಳೆ, ಒನ್ಸ್ ಮೋರ್ ಯಾವುದನ್ನೂ ಬರೆಯುವುದಿಲ್ಲ. ಹೊಸ ಹಿಟ್ ಹಾಡಿಗೆ ಶಿಳ್ಳೆ ಜಾಸ್ತಿ, ಮುಂದಿನ ವರ್ಷ ಅದೇ ಹಾಡಿಗೆ ಜನ ಫೋನ್ ನೋಡುತ್ತಾ ಕೂತಿರುತ್ತಾರೆ. ಗಾಯಕರಿಗೆ ಲೈಟು ಕಣ್ಣಿಗೆ ಹೊಡೆಯುತ್ತೆ, ಎದುರಿಗಿರುವವರು ಕಾಣಿಸುವುದಿಲ್ಲ. ಕೀಬೋರ್ಡ್ ಸ್ಟೇಜಿನ ಪಕ್ಕಕ್ಕಿರುತ್ತೆ, ಅಲ್ಲಿಂದ ನನಗೆ ಚೆನ್ನಾಗಿ ಕಾಣುತ್ತೆ. ಮುಂದಿನ ಕುರ್ಚಿಗಳನ್ನು ನಾನು ನೋಡುವುದೇ ಇಲ್ಲ. ಹಿಂದೆ ಪಾನಿಪುರಿ ಗಾಡಿಯವನು, ಆಟೋ ನಿಲ್ಲಿಸಿಕೊಂಡು ಕೇಳುತ್ತಿರುವವನು, ಮಹಡಿ ಮೇಲೆ ಗ್ರಿಲ್ ಹಿಡಿದು ನಿಂತ ಅಮ್ಮ. ಅವರ ತುಟಿ ಆಡುತ್ತಿದೆಯಾ ಅಂತ ನೋಡುತ್ತೇನೆ.

ಏಳು ಪುಸ್ತಕ ತಿರುವಿ ಹಾಕಿದಾಗ 'ಚ2' ಮತ್ತೆ ಮತ್ತೆ ಬಿದ್ದಿದ್ದ ಹಾಡುಗಳು ಸುಮಾರು 30. 'ಎರಡು ಕನಸು' ಚಿತ್ರದ 'ಎಂದೆಂದೂ ನಿನ್ನನು ಮರೆತು' ಒಂದು ಸಲವೂ ಕೆಳಗಿಳಿದಿಲ್ಲ. 1974ರ ಹಾಡು, ರಾಜನ್-ನಾಗೇಂದ್ರ ಅವರ ಸಂಗೀತ, ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ದನಿ. ಅದೇ ವರ್ಷದ 'ಯಾರೇ ಕೂಗಾಡಲಿ' ಶುರುವಾದರೆ ಮಕ್ಕಳು ಎದ್ದು ಕುಣಿಯುತ್ತಾರೆ. 'ಗೀತಾ'ದ 'ಜೊತೆಯಲಿ ಜೊತೆ ಜೊತೆಯಲಿ' ವಿಷಯ ಬೇರೆ. ಅದರಲ್ಲಿ ಸಾಹಿತ್ಯದ ಜೊತೆ ನಡುವಿನ ಸಂಗೀತವೂ ಜನರಿಗೆ ಬಾಯಿಪಾಠ. ಇಳಯರಾಜ ಬರೆದ ಒಂದು ಸ್ವರ ಬಿಟ್ಟು ನುಡಿಸಿದರೂ ಗೊತ್ತಾಗಿಬಿಡುತ್ತೆ. ನಾನು ಆ ಇಂಟರ್‌ಲ್ಯೂಡ್‌ಗಳನ್ನು ಕೂರಿಸಿಕೊಳ್ಳಲು ಒಂದು ತಿಂಗಳು ತೆಗೆದುಕೊಂಡಿದ್ದೆ, ಆ ಒಂದು ತಿಂಗಳು ಇವತ್ತಿಗೂ ಅನ್ನ ಹಾಕುತ್ತಿದೆ.

'ಅನಿಸುತಿದೆ ಯಾಕೋ ಇಂದು' ಬೇಡ ಅಂತ ಮೊದಲು ಹಠ ಹಿಡಿದಿದ್ದೆ. 2006ರ ಹಾಡು, ಇನ್ನೂ ಹೊಸದು ಅಂತ ನನ್ನ ಲೆಕ್ಕ. ನಮ್ಮ ತಂಡದ ಗಾಯಕಿ ಒಪ್ಪಲಿಲ್ಲ. "ಅಣ್ಣ, ಆಗ ಕಾಲೇಜಲ್ಲಿ ಇದ್ದವರು ಈಗ ಮಕ್ಕಳನ್ನ ಹೆಗಲ ಮೇಲೆ ಕೂರಿಸಿಕೊಂಡು ಬರ್ತಾರೆ. ನಿಮ್ಮ ಪುಸ್ತಕದಲ್ಲಿ ಏನಿದೆ ನೋಡಿ" ಅಂದಳು. ನೋಡಿದೆ. 14 ಸಲ ಬರೆದಿದ್ದೇನೆ, 11 ಸಲ 'ಚ2'. ಜಯಂತ ಕಾಯ್ಕಿಣಿಯವರ ಸಾಲುಗಳು ಅಷ್ಟು ಸಲೀಸಾಗಿ ನಾಲಿಗೆಗೆ ಬರುತ್ತವೆ. ಸೇರಿಸಿದೆ.

ಸಿನಿಮಾ ಹಾಡಲ್ಲದೆಯೂ 'ಚ2' ಗಳಿಸಿದವು ಇವೆ. 'ಜೋಗದ ಸಿರಿ ಬೆಳಕಿನಲ್ಲಿ' ನಿಸಾರ್ ಅಹಮದ್ ಅವರ ಕವಿತೆ. ಮೈಸೂರು ಅನಂತಸ್ವಾಮಿ ಅವರ ರಾಗದಲ್ಲಿ, 1978ರ 'ನಿತ್ಯೋತ್ಸವ' ಕ್ಯಾಸೆಟ್‌ನಿಂದ ಮನೆಮನೆಗೆ ಹೋಯಿತು. ಅದಕ್ಕೆ ಹೀರೋ ಇಲ್ಲ, ಪೋಸ್ಟರ್ ಇಲ್ಲ. ಶಾಲೆಯ ಪ್ರಾರ್ಥನೆ ಸಾಲಿನಲ್ಲಿ, ವಾರ್ಷಿಕೋತ್ಸವದಲ್ಲಿ ಹಾಡಿ ಹಾಡಿ ಉಳಿದುಕೊಂಡಿದೆ. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೆದಾಗ ನಾನು ತೀರಾ ಹಿಂದೆ ನಿಂತಿದ್ದೆ. ಸ್ಟೇಜು ಬೆರಳಷ್ಟು ಕಾಣುತ್ತಿತ್ತು. ಆದರೆ ನನ್ನ ಅಕ್ಕಪಕ್ಕದಲ್ಲೇ ಜನ ಕವಿತೆಗಳನ್ನು ಕೂಗಿ ಹಾಡುತ್ತಿದ್ದರು. ಭಾವಗೀತೆ ಇಲ್ಲದ ಪಟ್ಟಿ ಕನ್ನಡದ ಪಟ್ಟಿ ಆಗುವುದಿಲ್ಲ ಅಂತ ಅವತ್ತೇ ಅನ್ನಿಸಿತ್ತು.

ನನ್ನ ಲೆಕ್ಕಕ್ಕೆ ಸಿಗದ ಹಾಡು ಒಂದೇ ಒಂದು. 'ಜೀವನ ಚೈತ್ರ'ದ 'ನಾದಮಯ'. ಡಾ. ರಾಜ್‌ಕುಮಾರ್ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು. ಪುಸ್ತಕದಲ್ಲಿ ಅದರ ಮುಂದೆ ಯಾವಾಗಲೂ ಖಾಲಿ ಜಾಗ. ಯಾರೂ ಜೊತೆಗೆ ಹಾಡುವುದಿಲ್ಲ, ಹಾಡಲು ಆಗುವುದೂ ಇಲ್ಲ, ತೋಡಿ ರಾಗದ ಆ ಆಲಾಪನೆ ಸುಮ್ನೆ ಬರುವಂಥದ್ದಲ್ಲ. ಆದರೆ ಪಾನಿಪುರಿ ಗಾಡಿಯವನು ತಟ್ಟೆ ಕೆಳಗಿಟ್ಟು ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುರುತು ಇಲ್ಲದಿದ್ದರೂ ಅದು ಪಟ್ಟಿಯಲ್ಲಿ ಇರಲೇಬೇಕು ಅಂತ ಬರೆದೆ.

ಆರಿಸಿದ್ದಾಯಿತು, ಇನ್ನು ಶ್ರುತಿ. ಇಲ್ಲೇ ತುಂಬಾ ಜನ ತಪ್ಪುತ್ತಾರೆ. ಎಸ್‌ಪಿಬಿ ಹಾಡಿದ ಎತ್ತರದಲ್ಲೇ ಹಾಡಬೇಕು ಅಂತ ಗಾಯಕರಿಗೆ ಆಸೆ. ಎದುರಿಗೆ ಕೂತವರ ಗಂಟಲು ಅಲ್ಲಿಗೆ ಮುಟ್ಟುವುದಿಲ್ಲ, ಚರಣ ಗೊತ್ತಿದ್ದರೂ ಸುಮ್ಮನಾಗುತ್ತಾರೆ. ಹಾಗಾಗಿ 'ಈ ಭೂಮಿ ಬಣ್ಣದ ಬುಗುರಿ'ಯನ್ನು ನಾವು ನುಡಿಸುವ ಮಾಮೂಲಿ ಸ್ಕೇಲ್‌ಗಿಂತ ಒಂದೂವರೆ ಮನೆ ಇಳಿಸಿದೆ. ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒಂದು ಸಲ ಒತ್ತಿದರೆ ಅರ್ಧ ಮನೆ, ಮೂರು ಸಲ ಒತ್ತಿದರೆ ಮುಗಿಯಿತು. ಗಾಯಕ ಮುಖ ಸಣ್ಣದು ಮಾಡಿಕೊಂಡ. "ಒಂದು ಸಲ ಮೈಕ್ ಜನರ ಕಡೆ ತಿರುಗಿಸು, ಆಮೇಲೆ ಹೇಳು" ಅಂದೆ. ಕಾರ್ಯಕ್ರಮದ ದಿನ ತಿರುಗಿಸಿದ. ಮತ್ತೆ ಆ ಮಾತು ಎತ್ತಿಲ್ಲ.

'ಆಡಿಸಿ ನೋಡು' ಮುಗಿದ ತಕ್ಷಣ ಮಾತಿಲ್ಲದೆ, ಅದೇ ಶ್ರುತಿಯಲ್ಲಿ 'ಬೊಂಬೆ ಹೇಳುತೈತೆ' ಶುರು ಮಾಡಬೇಕು ಅಂತ ನಾನೇ ಜೋಡಿಸಿದ್ದೆ. ಅಪ್ಪ ರಾಜ್‌ಕುಮಾರ್ ಅವರ ಬೊಂಬೆಯನ್ನೇ ಮಗ ಪುನೀತ್ ಸಿನಿಮಾದಲ್ಲಿ ಮತ್ತೆ ಮಾತಾಡಿಸಿದ ಹಾಡು ಅದು, 2017ರದ್ದು. ಪುನೀತ್ ತೀರಿಕೊಂಡ ಮೇಲೆ ಅದನ್ನು ನುಡಿಸುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತೆ, ಈಗಲೂ. ಅವತ್ತು ಒಂದು ಹಾಡಿನ ಕೊನೆಯ ಸ್ವರ ಹಿಡಿದುಕೊಂಡೇ ಇನ್ನೊಂದಕ್ಕೆ ಹೋದೆ. ಮೊದಲ ಎರಡು ಸಾಲು ಗಾಯಕ ಹಾಡಿದ, ಮಿಕ್ಕಿದ್ದನ್ನು ರಸ್ತೆ ಹಾಡಿತು.

ರಾತ್ರಿ ಹತ್ತಕ್ಕೆ ಮೈಕ್ ಬಂದ್ ಆಗಲೇಬೇಕು, ಅದು ಕಾನೂನು. 'ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು' ಮುಗಿದಾಗ ಎರಡು ನಿಮಿಷ ಬಾಕಿ ಇತ್ತು. ಕೇಬಲ್ ಸುತ್ತುತ್ತಿದ್ದೆ, ಮಫ್ಲರ್ ಕಟ್ಟಿಕೊಂಡ ಯಜಮಾನರೊಬ್ಬರು ಸ್ಟೇಜಿನ ಹತ್ತಿರ ಬಂದರು.

"ಎಲ್ಲ ಚೆನ್ನಾಗಿತ್ತಪ್ಪ. ಆದ್ರೆ 'ಬಾರೆ ಬಾರೆ' ಯಾಕೆ ಹಾಕ್ಲಿಲ್ಲ?"

"20ಕ್ಕೆ ಮುಗಿಸಬೇಕಿತ್ತು ಸ್ವಾಮಿ" ಅಂದೆ.

"ನಾಗರಹಾವು ಬಂದಾಗ ನಂಗೆ 19 ವರ್ಷ" ಅಂದವರು ಅಲ್ಲೇ ನಿಂತು, ಮೈಕಿಲ್ಲದೆ, ಹಾಡಲು ಶುರು ಮಾಡಿದರು. ಕುರ್ಚಿ ಮಡಿಸುತ್ತಿದ್ದ ಇಬ್ಬರು ಹುಡುಗರು ಕುರ್ಚಿ ಹಿಡಿದುಕೊಂಡೇ ಸೇರಿಕೊಂಡರು. ಮೊದಲ ಚರಣ ಆಯಿತು. ಎರಡನೆಯದಕ್ಕೆ ಯಜಮಾನರು ಉಸಿರು ಎಳೆದುಕೊಳ್ಳುವಾಗ ನಾನು ಬ್ಯಾಗಿನಿಂದ ಪುಸ್ತಕ ತೆಗೆದೆ.