ಒಂದು ಬಿಂದುವಿನ ಮೂಲಕ ಲಂಬ ರೇಖೆ: ಭಿನ್ನರಾಶಿಯ ಗೋಜಿಲ್ಲದ ದಾರಿ

ಒಂದು ರೇಖೆ, ಒಂದು ಬಿಂದು ಕೊಟ್ಟು, ಆ ಬಿಂದುವಿನ ಮೂಲಕ ಹೋಗುವ, ಆ ರೇಖೆಗೆ ಲಂಬವಾದ (90 ಡಿಗ್ರಿ ಕೋನದ) ರೇಖೆಯ ಸಮೀಕರಣ ಕೇಳುತ್ತಾರೆ. ಈ ಲೆಕ್ಕ ಕಂಡ ಕೂಡಲೇ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಇಳಿಜಾರು (ಬಲಕ್ಕೆ ಒಂದು ಮನೆ ಹೋದರೆ ರೇಖೆ ಎಷ್ಟು ಮನೆ ಏರುತ್ತದೆ ಅನ್ನುವುದು) ಹುಡುಕಲು ಹೊರಡುತ್ತಾರೆ. ತಪ್ಪೇನಲ್ಲ. ಆದರೆ ನಡುವೆ ಭಿನ್ನರಾಶಿ ಬಂದು ಕೂರುತ್ತದೆ, ಎಲ್ಲೋ ಒಂದು ಮೈನಸ್ ಕಳೆದುಹೋಗುತ್ತದೆ. ಅದಕ್ಕೇ ನಾನು ಬೇರೆ ದಾರಿ ಹೇಳಿಕೊಡುತ್ತೇನೆ.

ರೇಖೆ 2ಎಕ್ಸ್ − 5ವೈ = 7 ಅಂತಿಟ್ಟುಕೊಳ್ಳಿ. ಬಿಂದು (−4, 3). ಎಕ್ಸ್ ಮುಂದೆ 2 ಇದೆ, ವೈ ಮುಂದೆ −5 ಇದೆ. ಎರಡನ್ನೂ ಅದಲುಬದಲು ಮಾಡಿ: −5ಎಕ್ಸ್ + 2ವೈ. ಈಗ ಒಂದರ ಚಿಹ್ನೆ ಮಾತ್ರ ಬದಲಿಸಿ: 5ಎಕ್ಸ್ + 2ವೈ. ಎಡಗಡೆ ಮುಗಿಯಿತು.

ಬಲಗಡೆಯ 7 ಹಳೆಯ ರೇಖೆಯದು. ಅದನ್ನು ಇಲ್ಲಿಗೆ ಎಳೆದು ತರಬೇಡಿ. ಹೊಸ ಸಂಖ್ಯೆಯನ್ನು ಬಿಂದುವೇ ಕೊಡುತ್ತದೆ: 5 × (−4) + 2 × 3 = −20 + 6 = −14. ಹಾಗಾಗಿ ಉತ್ತರ 5ಎಕ್ಸ್ + 2ವೈ = −14. ಬಿಂದು ಹಳೆಯ ರೇಖೆಯ ಮೇಲಿದ್ದರೂ ಇಷ್ಟೇ, ಹೊರಗಿದ್ದರೂ ಇಷ್ಟೇ.

ಇದು ಸುಮ್ನೆ ಬಾಯಿಪಾಠದ ಉಪಾಯ ಅಂದುಕೊಳ್ಳಬೇಡಿ. ಗ್ರಾಫ್ ಹಾಳೆಯಲ್ಲಿ (1, −1) ಮತ್ತು (6, 1) ಗುರುತು ಮಾಡಿ. ಎರಡೂ ಹಳೆಯ ರೇಖೆಯ ಮೇಲಿವೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು 5 ಮನೆ ಬಲಕ್ಕೆ, 2 ಮನೆ ಮೇಲಕ್ಕೆ. ಈಗ ಹಾಳೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬಲಕ್ಕಿದ್ದ 5 ಮೇಲಕ್ಕಾಯಿತು, ಮೇಲಕ್ಕಿದ್ದ 2 ಎಡಕ್ಕಾಯಿತು. ಅಂದರೆ ಇಳಿಜಾರು 2/5 ಇದ್ದದ್ದು −5/2 ಆಯಿತು. ಗುಣಿಸಿದರೆ −1. ಸಂಖ್ಯೆ ತಲೆಕೆಳಗಾಗುವುದೂ ಚಿಹ್ನೆ ಬದಲಾಗುವುದೂ ಒಂದೇ ತಿರುಗಾಟದಲ್ಲಿ ಆಗಿಹೋಯಿತು, ಅಲ್ವಾ? ಉತ್ತರ ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ಇವೆರಡರಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಮರೆತ ಉತ್ತರಗಳೇ.

ತಾಳೆ ನೋಡುವುದೂ ಹಾಗೆಯೇ. (−4, 3)ರಿಂದ 2 ಮನೆ ಎಡಕ್ಕೆ, 5 ಮನೆ ಮೇಲಕ್ಕೆ ಹೋದರೆ (−6, 8). ಹಾಕಿ ನೋಡಿ: −30 + 16 = −14. ಸರಿಯಾಗಿದೆ.

ಇನ್ನು ಎಕ್ಸ್ = 4 ಥರದ ನೆಟ್ಟಗಿನ ರೇಖೆ. ಇದಕ್ಕೆ ಇಳಿಜಾರೇ ಇಲ್ಲ, ಹಾಗಾಗಿ ಲಂಬ ರೇಖೆಗಳ ಇಳಿಜಾರುಗಳ ಗುಣಲಬ್ಧ −1 ಅನ್ನುವ ನಿಯಮ ಇಲ್ಲಿ ಕೈಕೊಡುತ್ತದೆ. ನಮ್ಮ ದಾರಿಗೆ ಅಡ್ಡಿಯಿಲ್ಲ. ಎಕ್ಸ್ ಮುಂದೆ 1, ವೈ ಮುಂದೆ 0. ಅದಲುಬದಲು ಮಾಡಿದರೆ ಉಳಿಯುವುದು ವೈ ಒಂದೇ. ನಮ್ಮ ಬಿಂದುವಿಗೆ ಉತ್ತರ ವೈ = 3.