ಯಾದಿ ಬರೆಯುವ ಬಗೆ

ಮೈಸೂರಿನಿಂದ ಬಂದ ನಮ್ಮ ಸೊಸೆ ಮೊದಲ ವಾರವೇ ಕೇಳಿದಳು: "ಅತ್ತೆ, ಯಾದಿ ಅಂದ್ರೇನು?" ಅವರ ಕಡೆ ಅದು ಪಟ್ಟಿ. ಧಾರವಾಡ, ಬೆಳಗಾವಿ, ವಿಜಯಪುರದ ನಾವು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವರು, ಮರಾಠಿಯ ಈ ಮಾತು ನಮ್ಮ ನಾಲಿಗೆಗೂ ಬಂತು. ಅದರ ಬೇರು ಪಾರಸಿಯ 'ಯಾದ್', ಅಂದರೆ ನೆನಪು.

ಸಂತಿ ಯಾದಿ, ಕಿರಾಣಿ ಯಾದಿ, ಮತದಾರರ ಯಾದಿ, ಎಲ್ಲಕ್ಕೂ ಈ ಮಾತು ನಡೆಯುತ್ತದೆ. ಶಾಲೆಯಲ್ಲಿ ಹೆಸರು ಕೂಗುವುದು ಮಾತ್ರ ಹಾಜರಿ. ದೇವರ 108 ಹೆಸರು ನಾಮಾವಳಿ. ಲಗ್ನ ಗೊತ್ತಾದಾಗ ಹಿರಿಯರು ಕೂತು ಕೊಡುವುದು-ತರುವುದು ಬರೆಯುವುದೂ ಯಾದಿಯೇ. ಆ ಕೂಟದಲ್ಲೇ ತಾಳಿ ಕಟ್ಟಿಸಿದರೆ 'ಯಾದಿ ಪೇ ಶಾದಿ'. ಖರ್ಚು ಉಳಿಸುವ ಈ ಪದ್ಧತಿ ನನಗೆ ಬಹಳ ಇಷ್ಟ.

ಕಷ್ಟದ್ದು ಲಗ್ನಕ್ಕೆ ಕರೆಯುವವರ ಯಾದಿ. ಬೀಗರಿಂದ ಶುರು ಮಾಡಬೇಡಿ, ಅವರನ್ನು ಯಾರೂ ಮರೆಯುವುದಿಲ್ಲ. ಮೊದಲು ಹಿಂದಿನ ಲಗ್ನದ ಮುಯ್ಯಿ ಪುಸ್ತಕ ತೆಗೆಯಿರಿ. ಆಮೇಲೆ ಒಬ್ಬರು ಕಣ್ಣು ಮುಚ್ಚಿ ಓಣಿಯ ಮೊದಲ ಮನೆಯಿಂದ ಒಂದೊಂದೇ ಬಾಗಿಲು ನೆನೆಯುತ್ತ ಹೇಳಲಿ, ಇನ್ನೊಬ್ಬರು ಬರೆಯಲಿ. ಬರೀ 'ಬಸಪ್ಪ' ಅಂದರೆ ಸಾಲದು, ಊರಲ್ಲಿ ಹತ್ತು ಬಸಪ್ಪ ಇರುತ್ತಾರೆ. 'ಗಿರಣಿ ಬಸಪ್ಪ' ಅಂತಲೇ ಬರೆಯಿರಿ. ಕರೆಯಲು ಯಾರು ಹೋಗಬೇಕು ಅನ್ನುವುದೂ ಪಕ್ಕದಲ್ಲಿರಲಿ. ಕರೆದು ಬಂದ ಮೇಲೆ ಚುಕ್ಕೆ ಇಡಿ. ಹೆಸರಿನ ಮೇಲೆ ಗೀಟು ಎಳೆಯಬಾರದು ಅನ್ನುತ್ತಿದ್ದಳು ನಮ್ಮವ್ವ. ಮುಂದಿನ ಲಗ್ನಕ್ಕೆ ಅದೇ ಹಾಳೆ ಓದಬೇಕಲ್ಲ.

ಇನ್ನೊಂದು, ಇದನ್ನು ಮರೆಯಬೇಡಿ. ನಮ್ಮ ಯಾದಿಗಳಲ್ಲಿ ಮನೆಗೆಲ್ಲ ಗಂಡಸಿನದೇ ಹೆಸರು. ಮಗಳ ಲಗ್ನಕ್ಕೆ ನಾನು ಹಳೆಯ ಯಾದಿ ನೋಡಿ ಬರೆಯುವಾಗ ತೀರಿಹೋದವರನ್ನು ಬಿಡುತ್ತಾ ಹೋದೆ. ಹಾಗೆ ಓಣಿಯ ತುದಿಯ ಕಾಕಾನ ಹೆಸರು ಬಿಟ್ಟಿತು, ಅದರ ಸಂಗಡ ಆ ಮನೆಯೇ ಬಿಟ್ಟಿತು. ನನ್ನ ಎರಡೂ ಬಾಣಂತನದಲ್ಲಿ ನೀರು ಹಾಕಿದ ಕಾಕು, ಅಂದರೆ ಆ ಕಾಕಾನ ಹೆಂಡತಿ, ಅಲ್ಲಿ ಒಬ್ಬರೇ ಇದ್ದರು. ಮೂರನೇ ದಿನ ಬುಂದೆ ಉಂಡಿ ಹಿಡಿದು ಹೋದೆ. ಉಂಡಿ ಇಸಕೊಂಡು ಕೇಳಿದರು: "ನನ್ನ ಹೆಸರ ಯಾದಿಯೊಳಗ ಇರಲಿಲ್ಲೇನವಾ?"

ಮಗನ ಲಗ್ನದ ಯಾದಿಯ ಮೊದಲ ಸಾಲಿನಲ್ಲಿ ಅವರ ಸ್ವಂತ ಹೆಸರು ಬರೆದೆ. ಕರೆಯುವವರು ಅನ್ನುವ ಕಡೆ ನನ್ನದು.