ನಿಂತಲ್ಲಿ ನನಗೆ ಒಗ್ಗುವ ಬೈಕು

ಅರವತ್ತು ದಾಟಿದ ಮೇಲೆ ನಾನು ಇನ್ನೊಂದು ಬೈಕು ಕೊಂಡೆ. ಆ ಹೊತ್ತಿಗೆ ಎಡಗಾಲಿನ ಪಾದದ ಕೀಲನ್ನು ಶಸ್ತ್ರಚಿಕಿತ್ಸೆಯಲ್ಲಿ ಬೆಸೆದಿದ್ದರು, ಎಡಗೈ ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ ನೆಲೆಯೂರಿತ್ತು. ಕ್ಲಚ್ ಎಡಗೈಗೆ, ಗೇರು ಎಡಗಾಲಿಗೆ. ಬೈಕು ಪದೇ ಪದೇ ಕೇಳುವ ಎರಡೂ ಕೆಲಸಗಳು ನನ್ನ ಸೋತ ಪಕ್ಕಕ್ಕೇ ಬಂದಿದ್ದವು. ಇನ್ನು ಸಾಕು ಬಿಡಿ ಎಂದವರೇ ಹೆಚ್ಚು. ಬಿಡುವ ಮನಸ್ಸು ನನಗಿರಲಿಲ್ಲ.

ಹೊಸದೋ ಹಳೆಯದೋ ಎಂಬ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಂಡೆ. ಬೈಕು ಓಡುತ್ತಿರುವಾಗ ತನ್ನ ತೂಕವನ್ನು ತಾನೇ ಹೊರುತ್ತದೆ. ನಿಂತ ಕ್ಷಣ ಆ ತೂಕವೆಲ್ಲ ಸವಾರನ ಕಾಲಿಗೆ ಬರುತ್ತದೆ. ಹತ್ತುವುದು, ಸೈಡ್ ಸ್ಟ್ಯಾಂಡಿನಿಂದ ನೆಟ್ಟಗೆ ಮಾಡುವುದು, ಸಿಗ್ನಲ್‌ನಲ್ಲಿ ಕಾಲೂರುವುದು, ಹಿಂದಕ್ಕೆ ತಳ್ಳುವುದು, ಇಳಿಯುವುದು: ನಮ್ಮಂಥವರು ಬೀಳುವುದು ಬಹುಪಾಲು ಇಲ್ಲಿಯೇ. ಆದ್ದರಿಂದ ಓಡಿಸಿ ನೋಡುವ ಮೊದಲು ಪ್ರತಿ ಬೈಕಿನ ಜೊತೆಗೂ ಎಂಜಿನ್ ಆರಿಸಿಕೊಂಡು ಸಾಕಷ್ಟು ಹೊತ್ತು ಕಳೆಯುತ್ತಿದ್ದೆ. ಹೋಗುತ್ತಿದ್ದುದು ಸಂಜೆ, ಮೈ ದಣಿದು ಕೀಲುಗಳು ಬಿಗಿದ ಹೊತ್ತಿನಲ್ಲಿ, ದಿನವೂ ಹಾಕುವ ಬೂಟು ಹಾಕಿಕೊಂಡು. ಬೆಳಗಿನ ಹುರುಪಿನಲ್ಲಿ ಎಲ್ಲ ಬೈಕೂ ಹಗುರವಾಗಿಯೇ ತೋರುತ್ತದೆ. ಪಕ್ಕದಲ್ಲಿ ಗಟ್ಟಿ ಆಳೊಬ್ಬ ನಿಂತಿರಲೇಬೇಕು. ಅದರಲ್ಲಿ ಸಂಕೋಚ ಬೇಡ.

ಕಾಗದದ ಮೇಲಿನ ಸೀಟಿನ ಎತ್ತರವನ್ನಷ್ಟೇ ನಂಬಬೇಡಿ. ಸೀಟಿನ ಮುಂಭಾಗ ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿ, ತಗ್ಗು ಸೀಟಿನಲ್ಲಿಯೂ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಬೆಸೆದ ಪಾದ ಬಾಗುವುದಿಲ್ಲವಾದ್ದರಿಂದ ತುದಿಗಾಲಲ್ಲಿ ನಿಲ್ಲುವುದು ನನ್ನಿಂದಾಗದು. ಅಂಗಾಲು ಪೂರ್ತಿ ಊರಬೇಕು. ಕಾಲು ಮುಂದಕ್ಕೆ ಚಾಚಿ ಕೂರುವ ಕ್ರೂಸರ್‌ಗಳು ಈ ಲೆಕ್ಕದಲ್ಲಿ ಗೆಲ್ಲುತ್ತವೆ. ಹೋಂಡಾ ರೆಬೆಲ್ 500ರ ಸೀಟು ನೆಲದಿಂದ ಸುಮಾರು 690 ಮಿಲಿಮೀಟರ್ ಅಷ್ಟೇ. ಆದರೆ ಪಾದ ಇಡುವ ಪೆಗ್‌ಗಳು ತೀರ ಮುಂದಿರುವ ಕ್ರೂಸರ್‌ನಲ್ಲಿ ರಸ್ತೆಯ ಗುಂಡಿ ಬಂದಾಗ ಪೃಷ್ಠ ಎತ್ತಲಾಗದು, ಪೆಟ್ಟೆಲ್ಲ ನೇರ ಬೆನ್ನುಮೂಳೆಗೆ. ಸೊಂಟ, ಬೆನ್ನು ಕೆಟ್ಟವರು ಇದನ್ನು ಮರೆಯಬಾರದು.

ಸೀಟು ಎತ್ತರವಾಯಿತೆಂದು ಸಸ್ಪೆನ್ಷನ್ ಇಳಿಸುವವರಿದ್ದಾರೆ. ಹಿಂಭಾಗ ಇಳಿಸಿದರೆ ಮುಂಭಾಗವನ್ನೂ ಅದಕ್ಕೆ ಹೊಂದಿಸಬೇಕು, ಸೈಡ್ ಸ್ಟ್ಯಾಂಡನ್ನೂ ಗಿಡ್ಡ ಮಾಡಿಸಬೇಕು. ಇಲ್ಲದಿದ್ದರೆ ನಿಲ್ಲಿಸಿದ ಬೈಕು ಸಾಕಷ್ಟು ವಾಲದೆ, ಸಣ್ಣ ತಳ್ಳಾಟಕ್ಕೇ ಆಚೆ ಮಗ್ಗುಲಿಗೆ ಮಗುಚುತ್ತದೆ. ಸೀಟಿನ ಸ್ಪಂಜು ಕೆತ್ತಿಸುವುದು ಅಗ್ಗದ, ಅಪಾಯವಿಲ್ಲದ ದಾರಿ. ನಾನು ಮೊದಲು ನೋಡುವುದು ಅದನ್ನೇ.

ಇನ್ನು ಕ್ಲಚ್ಚು, ಗೇರು. ಇಲ್ಲಿ ಯಾವ ಅಂಗಕ್ಕೆ ಯಾವ ಪರಿಹಾರ ಎಂಬುದನ್ನು ಬಿಡಿಸಿ ನೋಡಬೇಕು. ಹೋಂಡಾದ ಇ-ಕ್ಲಚ್ ಕೈಯ ಕೆಲಸವನ್ನು ಕಳೆಯುತ್ತದೆ, ಆದರೆ ಗೇರು ಬದಲಿಸಲು ಪಾದ ಬೇಕೇ ಬೇಕು. ನನ್ನ ಹೆಬ್ಬೆರಳಿಗೆ ವರ, ಪಾದಕ್ಕೆ ಏನೂ ಇಲ್ಲ. 2010ರ ಹೋಂಡಾ ವಿಎಫ್‌ಆರ್ 1200ಎಫ್ ಮೂಲಕ ಬೈಕುಗಳಿಗೆ ಬಂದ, ಗೇರನ್ನು ತಾನೇ ಬದಲಿಸುವ ಡ್ಯುಯಲ್ ಕ್ಲಚ್ ವ್ಯವಸ್ಥೆ ಎರಡನ್ನೂ ನೋಡಿಕೊಳ್ಳುತ್ತದೆ. ಯಮಹಾದ ವೈ-ಎಎಂಟಿಯಲ್ಲಿಯೂ ಕ್ಲಚ್ ಲಿವರ್ ಇಲ್ಲ, ಗೇರಿನ ಪೆಡಲ್ ಇಲ್ಲ. ಸ್ಕೂಟರ್ ಎಲ್ಲಕ್ಕಿಂತ ಸುಲಭ, ಕಾಲನ್ನು ಸೀಟಿನ ಮೇಲೆ ಎತ್ತಿ ಹಾಕುವ ಕಷ್ಟವೂ ಇಲ್ಲ. ಸೊಂಟದ ಕೀಲು ಹೋದವರಿಗೆ ನಾನು ಮೊದಲು ಹೇಳುವುದು ಸ್ಕೂಟರನ್ನೇ. ನಿಂತಾಗ ಸಮತೋಲವೇ ಸಿಗದವರಿಗೆ ಮುಂದೆ ಎರಡು ಚಕ್ರವಿರುವ, ಹಿಮ್ಮುಖ ಗೇರೂ ಇರುವ ಕ್ಯಾನ್-ಆ್ಯಮ್ ಸ್ಪೈಡರ್‌ನಂಥವು ಇವೆ. ಮೂರು ಚಕ್ರವೆಂದರೆ ಸೋಲು ಎಂದುಕೊಳ್ಳುವವರ ಮಾತು ನನಗೆ ಹಿಡಿಸುವುದಿಲ್ಲ.

ಡ್ಯುಯಲ್ ಕ್ಲಚ್ ಬೈಕಿನಲ್ಲಿ ಒಂದು ವಿಷಯ ಮೊದಲೇ ತಿಳಿದಿರಬೇಕು. ಎಂಜಿನ್ ಆರಿಸಿದರೆ ಅದು ನ್ಯೂಟ್ರಲ್‌ಗೆ ಬರುತ್ತದೆ, ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ನಿಲ್ಲಿಸಲಾಗದು. ಅದಕ್ಕೆಂದೇ ಪಾರ್ಕಿಂಗ್ ಬ್ರೇಕ್ ಕೊಟ್ಟಿರುತ್ತಾರೆ. ಆ ಬ್ರೇಕನ್ನು ನಮ್ಮ ಕೈ ಎಳೆದು ಬಿಡಬಲ್ಲದೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.

ಇಷ್ಟಾದ ಮೇಲೆ ಹೊಸದೋ ಹಳೆಯದೋ ಎಂಬ ಮಾತು. ನಾನು ಹಳೆಯದನ್ನೇ ಆರಿಸಿದೆ. ಮೈ ಬದಲಾಗುತ್ತಲೇ ಇರುವಾಗ ಇಂದು ಒಗ್ಗಿದ್ದು ಇನ್ನು ಕೆಲವು ವರ್ಷಗಳಿಗೆ ಒಗ್ಗದೇ ಹೋಗಬಹುದು. ಹೊಸ ಬೈಕಿನ ಬೆಲೆ ಮೊದಲ ವರ್ಷಗಳಲ್ಲಿಯೇ ಹೆಚ್ಚು ಇಳಿಯುತ್ತದೆ. ಉಳಿದ ಹಣ ಹ್ಯಾಂಡಲನ್ನು ಹತ್ತಿರಕ್ಕೆ ತರುವುದಕ್ಕೆ, ಸೀಟಿಗೆ, ಊರುಗೋಲು ಸಿಕ್ಕಿಸುವ ಕೊಳವೆಗೆ ಆಗುತ್ತದೆ. ಹೊಸ ಬೈಕಿಗೆ ಇದೇ ಬದಲಾವಣೆ ಮಾಡಿಸುವುದಾದರೆ ವಾರಂಟಿಯ ಗತಿಯೇನೆಂದು ಬರಹದಲ್ಲಿ ಕೇಳಿ ಪಡೆಯಿರಿ. ಬ್ರೇಕನ್ನೇ ಒಂದು ಕೈಯಿಂದ ಇನ್ನೊಂದಕ್ಕೆ ಸಾಗಿಸುವಂಥ ದೊಡ್ಡ ಬದಲಾವಣೆ ಬೇಕಿರುವವರು ವಿಮೆಯ ಕಂಪನಿಗೂ ತಿಳಿಸಲೇಬೇಕು.

ಹಳೆಯದನ್ನು ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಲಿವರ್‌ಗಳ ತುದಿಗೆ, ಹ್ಯಾಂಡಲಿನ ಕೊನೆಗೆ. ಬಿದ್ದ ಬೈಕಿನ ಗುರುತು ಅಲ್ಲಿ ಸವೆದು ಉಳಿದಿರುತ್ತದೆ. ಟೈರಿನ ಮಗ್ಗುಲಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಡುವೆ ಎಲ್ಲಿಯಾದರೂ ಸಿಕ್ಕಿಕೊಂಡಂತಾದರೆ ಬೇರಿಂಗ್ ಹೋಗಿದೆ. ನಿಧಾನಗತಿಯಲ್ಲಿ ಅದು ನಮ್ಮನ್ನು ಬೀಳಿಸಬಲ್ಲದು. ಹೋಂಡಾದ ಡ್ಯುಯಲ್ ಕ್ಲಚ್ ಬೈಕುಗಳಲ್ಲಿ ಕ್ಲಚ್ಚಿಗೆಂದೇ ಇನ್ನೊಂದು ಆಯಿಲ್ ಫಿಲ್ಟರ್ ಇರುತ್ತದೆ, ಅದನ್ನು ಬದಲಿಸಿದ ದಾಖಲೆ ಕೇಳಿ.

ಕೊನೆಗೆ ನಾನು ಕೊಂಡದ್ದು ಹೋಂಡಾದ ಸಿಟಿಎಕ್ಸ್ 700, ಡ್ಯುಯಲ್ ಕ್ಲಚ್ ಇರುವುದು. ಸೀಟು ಸುಮಾರು 720 ಮಿಲಿಮೀಟರ್, ಅಂಗಾಲು ಪೂರ್ತಿ ಊರುತ್ತದೆ. ತೂಕ 230 ಕಿಲೋ ದಾಟುತ್ತದೆ. ಆದರೆ ಭಾರವೆಲ್ಲ ತಗ್ಗಿನಲ್ಲಿದೆ, ನೆಟ್ಟಗೆ ಮಾಡುವಾಗ ಬಲಗಾಲಿನ ಬಲವೇ ಸಾಕಾಗುತ್ತದೆ. ಹಿಂದಕ್ಕೆ ತಳ್ಳುವುದು ಈಗಲೂ ಕಷ್ಟ. ಅದಕ್ಕೇ ಎಲ್ಲಿ ಹೋದರೂ ಬೈಕಿನ ಮೂತಿ ಹೊರಡುವ ದಿಕ್ಕಿಗೆ ಇರುವಂತೆ, ಇಳಿಜಾರಿಲ್ಲದ ಜಾಗ ಹುಡುಕಿಯೇ ನಿಲ್ಲಿಸುತ್ತೇನೆ.